ಹನ್ನೊಂದು ಗಡಿಯಾರ, ಕಾಲು ಹೊಟ್ಟೆ

ಈ ಕಥೆಯಲ್ಲಿ ಬರುವ ಹೊಟ್ಟೆ ನಿಜವಾದದ್ದು. ಅದರ ಮುಕ್ಕಾಲು ಪಾಲನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದದ್ದೂ ನಿಜ. ಬೆವರು ನಿಜ, ಎದೆಬಡಿತ ನಿಜ, ಅಜ್ಜಿ ಸಿಟ್ಟಿನಲ್ಲಿ ಲೋಟ ಕುಕ್ಕಿದ್ದು ನಿಜ. ಇದರಲ್ಲಿ ಸುಳ್ಳು ಹೇಳಿದವು ಗಡಿಯಾರಗಳು ಮಾತ್ರ. ಅವೂ ಬೇಕೆಂದು ಹೇಳಿದ್ದಲ್ಲ.

ಹೊಟ್ಟೆಯ ಯಜಮಾನರು ವಾಚು ರಿಪೇರಿಯವರು. ಜೇಬಿನಲ್ಲಿ ಸದಾ ನಾಲ್ಕಾರು ಗಡಿಯಾರದ ಮುಳ್ಳು ಇಟ್ಟುಕೊಂಡಿರುತ್ತಿದ್ದರು, ತಬ್ಬಿಕೊಳ್ಳಲು ಬಂದ ಮಕ್ಕಳಿಗೆಲ್ಲ ಅದು ಚುಚ್ಚುತ್ತಿತ್ತು. ಹಾಗಾಗಿ ಬೀದಿಯವರು ಅವರಿಗೆ ಮುಳ್ಳಪ್ಪ ಎಂದು ಹೆಸರಿಟ್ಟಿದ್ದರು. ನಲವತ್ತೆರಡು ವರ್ಷ ಅಂಗಡಿಯ ಒಂದೇ ಮೂಲೆಯಲ್ಲಿ, ಒಂದೇ ಸ್ಟೂಲಿನ ಮೇಲೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವರು. ನಲವತ್ತೆರಡನೇ ವರ್ಷ ಹೊಟ್ಟೆಯೊಳಗಿನ ಹಳೆಯ ಹುಣ್ಣು ಒಡೆದು ರಕ್ತ ಕಾರಿದರು. ಡಾಕ್ಟರು ಉಳಿಸಬಹುದಾದಷ್ಟು ಉಳಿಸಿ, ಉಳಿದದ್ದನ್ನು ತೆಗೆದುಹಾಕಿದರು. ಅಂದಿನಿಂದ 'ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು' ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಹೊಲಿಗೆ ಒಣಗಿತು. ಕಷ್ಟ ಶುರುವಾದದ್ದು ಆಮೇಲೆ.

ಮುಳ್ಳಪ್ಪನವರ ಹೆಂಡತಿ, ಅಂದರೆ ಮೊಮ್ಮಗಳು ಹುಟ್ಟಿದ ಮೇಲೆ ಇಡೀ ಮನೆಗೇ ಅಜ್ಜಿಯಾದವರು, ಕಳೆದುಹೋದ ಹೊಟ್ಟೆಯನ್ನು ಊಟ ಬಡಿಸಿಯೇ ವಾಪಸ್ ಬೆಳೆಸುತ್ತೇನೆಂದು ಸೊಂಟ ಕಟ್ಟಿ ನಿಂತಿದ್ದರು. ತಟ್ಟೆ ತುಂಬ ಅನ್ನ, ಅದರ ಪಕ್ಕದಲ್ಲಿ ದೊಡ್ಡ ಸ್ಟೀಲ್ ಲೋಟದಲ್ಲಿ ಸಕ್ಕರೆ ಕದಡಿದ ಹಣ್ಣಿನ ರಸ.

"ಇಷ್ಟೊಂದು ಆಗಲ್ಲ ಕಣೇ."

"ಆಗುತ್ತೆ. ಕನ್ನಡಿ ನೋಡ್ಕೊಂಡಿದ್ದೀರಾ? ಹ್ಯಾಂಗರಿಗೆ ಶರ್ಟು ಹಾಕಿದ ಹಾಗಿದ್ದೀರಿ. ಕುಡೀರಿ, ಶಕ್ತಿ ಬರುತ್ತೆ."

ಶಕ್ತಿಯ ಬದಲು ಬೇರೆ ಏನೋ ಬರುತ್ತಿತ್ತು. ಕೈ ತೊಳೆದು ಕುರ್ಚಿಗೆ ಬಂದು ಸ್ವಲ್ಪ ಹೊತ್ತಿಗೆ ಎದೆ ಡವಡವ, ಮುಖ ಕೆಂಡ, ಹಣೆಯಿಂದ ಬೆವರಿನ ಧಾರೆ. ಹೊಟ್ಟೆಯೊಳಗೆ ಯಾರೋ ಸಾಮಾನು ಎಳೆದಾಡಿದ ಸದ್ದು. ಒಮ್ಮೆ ಕಕ್ಕಸಿಗೆ ಓಟ, ಅಲ್ಲಿಂದ ಬಂದು ಮಂಚದ ಮೇಲೆ ದೊಪ್ಪೆಂದು ಬೀಳುವುದು. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತಿದ್ದರು. ಹೋಗಲಿ, ಮುಗಿಯಿತು ಎಂದು ಅಂಗಡಿಗೆ ಹೋದರೆ ಅಲ್ಲಿ ಇನ್ನೊಂದು ಅವತಾರ: ಇದ್ದಕ್ಕಿದ್ದಂತೆ ಕೈ ನಡುಕ, ಹೊಟ್ಟೆಯಲ್ಲಿ ಹಾಳು ಹಸಿವು, ತಲೆಯೊಳಗೆ ಹೊಗೆ. ಒಂದು ಮಧ್ಯಾಹ್ನ ಗಿರಾಕಿಯ ವಾಚನ್ನು ಕೈಯಲ್ಲಿ ಹಿಡಿದುಕೊಂಡು ಆ ಗಿರಾಕಿಯನ್ನೇ, "ಈಗ ಟೈಮೆಷ್ಟು ಸ್ವಾಮಿ?" ಎಂದು ಕೇಳಿದರು. ಇನ್ನೊಂದು ಮಧ್ಯಾಹ್ನ ಒಬ್ಬರ ತಾತನ ಕಾಲದ ವಾಚಿನೊಳಗಿನ ಕೂದಲಿನಂಥ ಸ್ಪ್ರಿಂಗು ಅವರ ಚಿಮುಟದ ತುದಿಯಲ್ಲಿ ನಡುಗಿ, ತಿರುಚಿ, ಗಂಟಾಗಿ ಹೋಯಿತು. ನಲವತ್ತೆರಡು ವರ್ಷದಲ್ಲಿ ಮೊದಲ ಸಲ.

ಅಂಗಡಿಯ ಕೌಂಟರ್ ನೋಡಿಕೊಳ್ಳುವವನು ಮಗ. ಗೋಡೆ ಗಡಿಯಾರ, ಸೆಲ್ಲು, ಬೆಲ್ಟು ಮಾರುವುದು ಅವನ ಕೆಲಸ; ಸ್ಪ್ರಿಂಗು ಹಾಳಾದ ಗಿರಾಕಿಗೆ ಕೈ ಮುಗಿದು ಕ್ಷಮೆ ಕೇಳಿದವನೂ ಅವನೇ. ಅವತ್ತು ಸಂಜೆ ಊಟದ ಮೇಜಿನ ಹತ್ತಿರ ಮಾತು ತೆಗೆದ.

"ಅಪ್ಪಾ, ಬೇಜಾರು ಮಾಡ್ಕೋಬೇಡಿ. ಒಂದನೇ ತಾರೀಖಿಂದ ಆ ಮೂಲೆ ಮೊಬೈಲ್ ರಿಪೇರಿಯವನಿಗೆ ಕೊಡೋಣ ಅಂತಿದ್ದೀನಿ."

"ನಾನೆಲ್ಲಿ ಕೂರಲಿ?"

"ಮನೇಲಿ ಆರಾಮಾಗಿ ಕೂತ್ಕೊಳ್ಳಿ."

"ಆರಾಮಾಗಿ ಕೂತ್ಕೊಳ್ಳೋದು ನಂಗೆ ಯಾರು ಕಲಿಸಿಕೊಟ್ಟಿದ್ದಾರೆ?"

ಮುಳ್ಳಪ್ಪನವರು ತಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟು, ಬೇರೆ ಯಾರದೋ ಕೈ ನೋಡುವಂತೆ ನೋಡಿದರು. ಈಗ ಅದು ನಡುಗುತ್ತಿರಲಿಲ್ಲ. ಅದೇ ತಲೆನೋವು. ಕೆಲಸಕ್ಕೆ ಬೇಕಾದಾಗ ನಡುಗಿ, ತೋರಿಸುವ ಹೊತ್ತಿಗೆ ಸಾಧುವಾಗಿ ಕೂರುವ ಕೈ.

ಮನೆಯಲ್ಲಿ ತಲೆಗೊಂದು ವ್ಯಾಖ್ಯಾನ ಹುಟ್ಟಿತು. ಹೆದರಿಕೆ ಅಂದ ಮಗ. ಶಾಲೆಯಲ್ಲಿ ಗಣಿತ ಕಲಿಸುವ ಸೊಸೆ, "ಮಾವ ನಮಗೆ ಗೊತ್ತಿಲ್ಲದೆ ಬಿಸ್ಕತ್ತು ತಿಂತಾರೆ, ಡಬ್ಬಿ ಲೆಕ್ಕ ಸರಿಹೋಗ್ತಿಲ್ಲ" ಎಂದಳು.

"ತಿಂದರೆ ಏನೀಗ?" ಎಂದರು ಅಜ್ಜಿ. "ನೀನು ಅಡಿಗೆ ಮಾಡಿದ ದಿನವೇ ಹೀಗಾಗೋದು. ನಾನು ನೋಡಿದ್ದೀನಿ."

"ಅತ್ತೆ, ನಾನು ಅಡಿಗೆ ಮಾಡೋದು ಭಾನುವಾರ ಮಾತ್ರ. ಇವರಿಗೆ ವಾರಕ್ಕೆ ಏಳು ದಿನ ಆಗ್ತಿದೆ."

"ಮತ್ತೆ ಭಾನುವಾರದ್ದು ಒಂದು ವಾರ ಹೊಟ್ಟೇಲಿ ಇರಲ್ವಾ?"

"ಇರೋಕೆ ಹೊಟ್ಟೆ ಎಲ್ಲಿದೆ ಅಜ್ಜಿ?" ಎಂದಳು ಮೊಮ್ಮಗಳು.

ಕಾಲೇಜಿಗೆ ಹೋಗುವ ಈ ಹುಡುಗಿಗೆ ಮನೆಯ ಹೆಸರು ಗಿಳಿ. ಯಾರ ದನಿ ಕೇಳಿದರೂ ಎರಡು ನಿಮಿಷದಲ್ಲಿ ಅದನ್ನು ತನ್ನ ಗಂಟಲಿಗೆ ಹಾಕಿಕೊಳ್ಳುತ್ತಿದ್ದಳು. ಅಜ್ಜ ಮಂಚಕ್ಕೆ ಬೀಳುವುದನ್ನು ಅವಳು ಮಾಡಿ ತೋರಿಸಿದಾಗ, ಆ ಎದೆ ಹಿಡಿದ ಕೈ, 'ಏನಿಲ್ಲ ಏನಿಲ್ಲ' ಎನ್ನುತ್ತ ಕಕ್ಕಸಿನ ಕಡೆ ಓರೆಯಾಗಿ ಓಡುವ ನಡಿಗೆ, ಎಲ್ಲ ಎಷ್ಟು ಕರಾರುವಾಕ್ಕಾಗಿತ್ತೆಂದರೆ ಅಜ್ಜಿ ನಿಜವಾಗಿ ನೀರು ತರಲು ಓಡಿದರು.

ಮುಳ್ಳಪ್ಪನವರಿಗೆ ನಗು ಬರಲಿಲ್ಲ. "ಹಾಗೇ ಕಾಣ್ತೀನಾ ನಾನು?"

"ಇನ್ನೂ ಸ್ವಲ್ಪ ಕೆಂಪು ಅಜ್ಜ. ನಂಗೆ ಅಷ್ಟು ಕೆಂಪಾಗೋಕೆ ಬರಲ್ಲ."

ಆಸ್ಪತ್ರೆಯ ಡಾಕ್ಟರಮ್ಮ ತಾಳ್ಮೆಯವರು. ಆದರೆ ಇಡೀ ಸಂಸಾರ ಒಟ್ಟಿಗೆ ಬಂದರೆ ತಾಳ್ಮೆಗೂ ಕುರ್ಚಿ ಸಾಲುವುದಿಲ್ಲ.

"ಊಟ ಆಗಿ ಎಷ್ಟು ಹೊತ್ತಿಗೆ ಶುರುವಾಗುತ್ತೆ?"

"ತಕ್ಷಣ," ಎಂದರು ಅಜ್ಜಿ.

"ಎರಡು ಗಂಟೆ ಬಿಟ್ಟು," ಎಂದ ಮಗ.

"ಕೆಲವು ಸಲ ಊಟಕ್ಕೆ ಮುಂಚೆ," ಎಂದಳು ಗಿಳಿ.

"ಬೆವರು ಮೊದಲೋ, ನಡುಕ ಮೊದಲೋ?"

ಅದಕ್ಕೂ ಮೂರು ಉತ್ತರ ಬಂತು. ರೋಗಿಯನ್ನು ಯಾರೂ ಕೇಳಲಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಒಂದು ಕೆಲಸ ಮಾಡಿ. ಒಂದು ವಾರ ಎಲ್ಲ ಬರೆದಿಡಿ. ಏನು ತಿಂದರು, ಏನು ಕುಡಿದರು, ಎಷ್ಟು ಗಂಟೆಗೆ. ಏನಾಯಿತು, ಎಷ್ಟು ಗಂಟೆಗೆ. ವಾಚು ರಿಪೇರಿಯವರ ಮನೆ ಅಂದಿರಲ್ಲ, ಟೈಮು ತಪ್ಪೋ ಮಾತೇ ಇಲ್ಲ."

ಡಾಕ್ಟರಮ್ಮನಿಗೆ ಆ ಮನೆಯ ಕಾನೂನು ಗೊತ್ತಿರಲಿಲ್ಲ. ರಿಪೇರಿಯಾದ ಗೋಡೆ ಗಡಿಯಾರಗಳನ್ನು ಮುಳ್ಳಪ್ಪನವರು ಗಿರಾಕಿಗೆ ಕೊಡುವ ಮೊದಲು ಹದಿನೈದು ದಿನ ಮನೆಯಲ್ಲಿ ತೂಗುಹಾಕಿ ಪರೀಕ್ಷೆ ಮಾಡುತ್ತಿದ್ದರು. ಪರೀಕ್ಷೆ ಮುಗಿಯುವ ತನಕ ಮುಳ್ಳನ್ನು ಯಾರೂ ಮುಟ್ಟಕೂಡದು. ಎಷ್ಟು ಮುಂದೆ ಓಡಿತು, ಎಷ್ಟು ಹಿಂದೆ ಬಿತ್ತು ಎನ್ನುವುದು ಗೊತ್ತಾಗಬೇಕಲ್ಲ. ಹೀಗೆ ಅಡಿಗೆಮನೆ, ಹಜಾರ, ಮೆಟ್ಟಿಲು, ಬಚ್ಚಲಿನ ಹೊರಗೋಡೆ, ಎಲ್ಲ ಸೇರಿ ಹನ್ನೊಂದು ಗಡಿಯಾರ, ಹನ್ನೊಂದು ಅಭಿಪ್ರಾಯ. ಮನೆಯವರು ಅದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಅದು ವಿಚಿತ್ರ ಎನ್ನುವುದೇ ಅವರಿಗೆ ಮರೆತುಹೋಗಿತ್ತು.

ಸೊಸೆ ಹೊಸ ನೋಟುಬುಕ್ಕಿಗೆ ಅಚ್ಚುಕಟ್ಟಾಗಿ ಗೆರೆ ಹಾಕಿ, ಕಾಲಂ ಮಾಡಿ, ಮೇಜಿನ ಮೇಲಿಟ್ಟು ಶಾಲೆಗೆ ಹೋದಳು. ಊಟದ ಕಾಲಂ ಅಜ್ಜಿಯದು. ಅವರು ಒಲೆಯ ಮೇಲಿನ ಗಡಿಯಾರ ನೋಡಿ ಬರೆದರು. ಬೆವರಿನ ಕಾಲಂ ಹಜಾರದಲ್ಲಿ ಯಾರಿದ್ದರೆ ಅವರದು. ಹಜಾರದ ಗಡಿಯಾರ ನೋಡಿ ಬರೆದರು. ಗಿಳಿ ಇದ್ದ ದಿನ ಅವಳ ಕೈವಾಚು ನೋಡಿ ಬರೆದಳು. ಬಸ್ಸು ತಪ್ಪಬಾರದೆಂದು ಅವಳೇ ಅದನ್ನು ಹತ್ತು ನಿಮಿಷ ಮುಂದಿಟ್ಟಿದ್ದಳು. ನಡುಕದ ಕಾಲಂ ಮಗನದು, ಅಂಗಡಿಯಿಂದ ಬಂದು ನೆನಪು ಮಾಡಿಕೊಂಡು ತುಂಬಿದ.

ವಾರ ಕಳೆದು ಡಾಕ್ಟರಮ್ಮ ಆ ಪುಸ್ತಕ ತಿರುಗಿಸಿದರು. ಮೊದಲು ಕನ್ನಡಕ ಒರೆಸಿಕೊಂಡರು. ಆಮೇಲೆ ಪುಸ್ತಕವನ್ನೇ ತಲೆಕೆಳಗು ಮಾಡಿ ನೋಡಿದರು.

"ಸೋಮವಾರ ಊಟ ಒಂದೂ ಹತ್ತಕ್ಕೆ. ಬೆವರು ಹನ್ನೆರಡೂ ಮೂವತ್ತಕ್ಕೆ. ಅಂದರೆ ಊಟಕ್ಕೆ ನಲವತ್ತು ನಿಮಿಷ ಮೊದಲೇ ಬೆವರಿದ್ದಾರೆ."

"ಅವರು ಮೊದಲಿಂದಲೂ ಮುಂದಾಲೋಚನೆಯವರು," ಎಂದರು ಅಜ್ಜಿ.

"ಮಂಗಳವಾರ ಮಂಚದಿಂದ ಎದ್ದ ಮೇಲೆ ಮಲಗಿದ್ದಾರೆ."

ಸೊಸೆಯ ಮುಖ ಕೆಂಪಾಯಿತು. ಮಾವನ ಕೆಂಪಿಗೆ ಏನೂ ಕಡಿಮೆಯಿಲ್ಲದ ಕೆಂಪು. ಗಣಿತದ ಟೀಚರು ಹಾಕಿದ ಕೋಷ್ಟಕ! "ಕಾಲಂ ನಂದು, ಅಂಕಿ ನಂದಲ್ಲ" ಎಂದು ಗೊಣಗಿದಳು. ಮಗ, "ಇದು ಹೊಟ್ಟೆ ಕೇಸೇ ಅಲ್ಲ ಬಿಡಿ, ತಲೆದು" ಎಂದ. ಅಜ್ಜಿ ಅವನ ತೋಳು ಚಿವುಟಿದರು.

ಮುಳ್ಳಪ್ಪನವರು ಅಷ್ಟರವರೆಗೆ ತಮ್ಮ ಮೊಣಕಾಲು ನೋಡುತ್ತ ಕೂತಿದ್ದರು. ಈಗ ಕೈ ಚಾಚಿದರು. "ಅಮ್ಮಾ, ಇಲ್ಲಿ ಕೊಡಿ ಅದನ್ನ. ಪೆನ್ಸಿಲ್ ಇದೆಯಾ?"

ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇದು ಒಲೆ ಮೇಲಿನದು. ಸೋಮವಾರ ಅದು ಮೂವತ್ತೈದು ನಿಮಿಷ ಮುಂದಿತ್ತು, ದಿನಕ್ಕೆ ಎರಡು ನಿಮಿಷ ಇನ್ನೂ ಓಡುತ್ತೆ. ಇದು ಹಜಾರದ್ದು, ಇಪ್ಪತ್ತೈದು ಹಿಂದೆ. ಬುಧವಾರ ನಾನೇ ಅದನ್ನ ತೆಗೆದು ಇನ್ನೊಂದು ಹಾಕಿದೆ, ಅದು ಆರು ಮುಂದೆ. ಇದು ನಮ್ಮ ಗಿಳೀದು, ಹತ್ತು ಕಳೀಬೇಕು. ಇವನದು ನೆನಪಿಂದ ಬರೆದಿದ್ದು, ಇವನ ನೆನಪಿಗೆ ಕಾಲು ಗಂಟೆ ಆ ಕಡೆ ಈ ಕಡೆ."

ಮುಳ್ಳಪ್ಪನವರು ಒಂದೊಂದೇ ಅಂಕಿ ಹೊಡೆದುಹಾಕಿ, ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ ಸರಿಯಾದ ಹೊತ್ತು ಬರೆಯುತ್ತಾ ಹೋದರು. ಏಳು ದಿನ, ಎರಡು ಪುಟ. ಬರೆದು ಮುಗಿಸಿ ಪುಸ್ತಕ ತಿರುಗಿಸಿಟ್ಟಾಗ, ಊಟದ ಹಿಂದೆ ಬೆವರು, ಬೆವರಿನ ಹಿಂದೆ ನಡುಕ ಸಾಲಾಗಿ ನಿಂತಿದ್ದವು. ಬೆವರು ಪ್ರತಿಸಲ ಇಪ್ಪತ್ತು ನಿಮಿಷದ ಆಚೀಚೆ. ನಡುಕ ಎರಡು ಗಂಟೆಯ ಆಚೀಚೆ.

"ಎರಡು ಸಲ," ಎಂದರು ಡಾಕ್ಟರಮ್ಮ. "ನಾನು ಒಂದೇ ಕಾಯಿಲೆಗೆ ಒಂದೇ ಹೊತ್ತು ಹುಡುಕ್ತಿದ್ದೆ. ಇಲ್ಲಿ ಎರಡು ಅಲೆ ಇದೆ. ಈ ಕಾಲಮ್ಮಿನಲ್ಲಿ ಪ್ರತಿದಿನ 'ಲೋಟ' ಅಂತ ಬರೆದಿದೆಯಲ್ಲ, ಏನದು?"

"ಹಣ್ಣಿನ ರಸ," ಎಂದರು ಅಜ್ಜಿ ಹೆಮ್ಮೆಯಿಂದ. "ಐದು ಚಮಚ ಸಕ್ಕರೆ. ಊಟದ ಜೊತೆಗೇ ಕುಡಿಸ್ತೀನಿ."

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ವಿವರಿಸಿದರು. ಮೊದಲು ಹೊಟ್ಟೆ ಊಟವನ್ನು ತಡೆದಿಟ್ಟುಕೊಂಡು ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಿಡುತ್ತಿತ್ತು. ಈಗ ತಡೆಯುವ ಜಾಗವೇ ಇಲ್ಲ. ಸಿಹಿ, ನೀರು, ಅನ್ನ ಎಲ್ಲ ಒಂದೇ ಸಲಕ್ಕೆ ಕರುಳಿಗೆ ಸುರಿಯುತ್ತದೆ. ಮೈಯ ನೀರೆಲ್ಲ ಅಲ್ಲಿಗೆ ಓಡುತ್ತದೆ. ಅದಕ್ಕೇ ಎದೆಬಡಿತ, ಬೆವರು. ಸಕ್ಕರೆ ಒಮ್ಮೆಲೇ ರಕ್ತಕ್ಕೆ ಏರಿದರೆ ಮೈ ಗಾಬರಿಯಾಗಿ ಅದನ್ನು ಇಳಿಸಲು ಹೋಗಿ ಬೇಕಾದ್ದಕ್ಕಿಂತ ಕೆಳಗೆ ಇಳಿಸಿಬಿಡುತ್ತದೆ. ಎರಡು ಗಂಟೆಯ ನಂತರದ ನಡುಕ ಅದು. ಇದಕ್ಕೆ ಡಂಪಿಂಗ್ ಅನ್ನುತ್ತೇವೆ.

ಮನೆಯವರು ಎಲ್ಲ ಅರ್ಥವಾದವರಂತೆ ತಲೆಯಾಡಿಸಿದರು. ನಿಜವಾಗಿ ಅರ್ಥವಾದದ್ದು ಒಬ್ಬರಿಗೆ.

"ತಡೆ ಹಲ್ಲು ಮುರಿದ ಗಡಿಯಾರ," ಎಂದರು ಮುಳ್ಳಪ್ಪ. "ಕೀಲಿ ಪೂರ್ತಿ ಕೊಟ್ಟಿರ್ತೀರಿ. ವಾರ ಪೂರ್ತಿ ಟಿಕ್ ಟಿಕ್ ಅಂತ ಬಿಚ್ಚಿಕೊಳ್ಳಬೇಕಾದ್ದು ಒಂದೇ ಸಲ ಗರ್ರ್ ಅಂತ ಬಿಚ್ಚಿಕೊಳ್ಳುತ್ತೆ. ಆಮೇಲೆ ಸುಮ್ಮನೆ."

"ಅದೇ! ಆ ತಡೆ ಹಲ್ಲು ನನ್ನ ಹತ್ತಿರ ಇಲ್ಲ. ಹಾಗಾಗಿ ಕೀಲಿಯನ್ನೇ ಕಮ್ಮಿ ಕೊಡಿ. ದಿನಕ್ಕೆ ಆರು ಸಲ, ಮುಷ್ಟಿಯಷ್ಟು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು. ಸಕ್ಕರೆ ಬೇಡ. ಮೊಟ್ಟೆ, ಕಾಳು ಜಾಸ್ತಿ. ಉಂಡ ಮೇಲೆ ಅರ್ಧ ಗಂಟೆ ಮಲಗಿ."

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಮನೆಗೆ ಬಂದ ಮೇಲೆ ಅಜ್ಜಿ ಸ್ಟೀಲ್ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದರು. "ಅಂದರೆ ನಾನು ಇಷ್ಟು ದಿನ ವಿಷ ಹಾಕಿದೆ. ನೇರವಾಗಿ ಹೇಳಿಬಿಡಿ."

"ಅವರು ಹಾಗಂದಿಲ್ಲ ಅತ್ತೆ."

"ಐದು ಚಮಚ ಅಂದಾಗ ಆ ಡಾಕ್ಟರಮ್ಮ ಹೇಗೆ ನೋಡಿದಳು! ನಾನು ಕೊಲೆಗಾರ್ತಿ ಅನ್ನೋ ಹಾಗೆ."

"ಬಿಡೇ," ಎಂದರು ಮುಳ್ಳಪ್ಪ, "ನೀನು ಕೊಟ್ಟೆ, ನಾನು ಕುಡಿದೆ. ನಂಗೇನು ಬಾಯಿಗೆ ಬೀಗ ಇತ್ತಾ?"

"ನಿಮ್ಮನ್ನ ಯಾರು ಕೇಳಿದರು!" ಎಂದು ಅಜ್ಜಿ ಮುಖ ತಿರುಗಿಸಿಕೊಂಡರು.

ಆರು ಊಟದ ಹೊಸ ಪದ್ಧತಿ ಶುರುವಾಯಿತು. ಅಡಿಗೆಮನೆಯಲ್ಲಿ ಯಾವಾಗ ನೋಡಿದರೂ ಯಾರೋ ಒಬ್ಬರು ಪುಟ್ಟ ಬಟ್ಟಲು ತೊಳೆಯುತ್ತಿದ್ದರು. ನಾಲ್ಕು ದಿನ ಚೆನ್ನಾಗಿ ನಡೆಯಿತು. ಐದನೇ ದಿನ ಮತ್ತೆ ಡವಡವ, ಮತ್ತೆ ಮಂಚ. ಆರನೇ ದಿನವೂ. ಎಲ್ಲರಿಗೂ ಮತ್ತೆ ತಲೆ ಕೆಟ್ಟಿತು. ಸಕ್ಕರೆ ಡಬ್ಬಿ ಬೀರುವಿನಲ್ಲಿ, ಬೀಗದ ಕೈ ಸೊಸೆಯ ಹತ್ತಿರ. ಹಾಗಾದರೆ ಎಲ್ಲಿಂದ?

"ನಾನು ಹೇಳಲಿಲ್ವಾ, ತಲೆದು ಅಂತ," ಎಂದ ಮಗ. "ಮೊಬೈಲಿನವನು ಒಂದನೇ ತಾರೀಖಿಗೆ ಮೇಜು ತರ್ತಾನಂತೆ."

ಆ ಮಧ್ಯಾಹ್ನ ಮಂಚದ ಮೇಲೆ ಬೆವರು ಒರೆಸಿಕೊಳ್ಳುತ್ತ ಮುಳ್ಳಪ್ಪನವರು ಹೆಂಡತಿಯನ್ನು ಹತ್ತಿರ ಕರೆದರು. "ಕೂತ್ಕೋ. ಹಾಲು ಇವತ್ತು ರುಚಿಯಾಗಿತ್ತು."

ಅಜ್ಜಿ ಸೆರಗಿನ ತುದಿ ತಿರುಚಿದರು.

"ತುಂಬಾ ರುಚಿಯಾಗಿತ್ತು."

"ಜೇನು," ಎಂದರು ಅಜ್ಜಿ ಕೊನೆಗೆ. "ಅವರು ಸಕ್ಕರೆ ಬೇಡ ಅಂದರು. ಜೇನು ಬೇಡ ಅಂದರಾ? ಎರಡೇ ಚಮಚ ರೀ. ಇಷ್ಟು ದೊಡ್ಡ ಮನುಷ್ಯನಿಗೆ ಮಗುವಿನ ಬಟ್ಟಲಲ್ಲಿ ಊಟ ಹಾಕ್ತಿದ್ದೀನಿ. ನಂಗೆ ಕೈ ಬರಲ್ಲ."

ಮುಳ್ಳಪ್ಪನವರಿಗೆ ಕೋಪ ಬರಬೇಕಿತ್ತು. ಬರಲಿಲ್ಲ. "ನೋಡು," ಎಂದರು, "ಆ ಮೂಲೆ ಹೋದರೆ ನಾನು ದಿನವಿಡೀ ಮನೇಲಿರ್ತೀನಿ. ಬೆಳಿಗ್ಗೆಯಿಂದ ಸಂಜೆ ತನಕ ನಿನ್ನ ಹಿಂದೆ ಹಿಂದೆ. ಉಪ್ಪಿನ ಡಬ್ಬಿ ಯಾಕೆ ಇಲ್ಲಿಟ್ಟೆ, ಸೌಟು ಯಾಕೆ ಅಲ್ಲಿಟ್ಟೆ ಅಂತ ಕೇಳ್ತಾ."

ಅಜ್ಜಿ ಎದ್ದು ಹೋಗಿ ಜೇನಿನ ಬಾಟಲಿ ತಂದು ಸೊಸೆಯ ಕೈಗೆ ಕೊಟ್ಟರು. "ಇದನ್ನೂ ಬೀರುವಿನಲ್ಲಿಡು. ಬೀಗ ಗಟ್ಟಿಯಾಗಿ ಹಾಕು."

ಆಮೇಲೆ ಮನೆ ತಣ್ಣಗಾಯಿತು. ಹತ್ತು ದಿನ ಒಂದು ಹನಿ ಬೆವರಿಲ್ಲ. ಮಗ ಮೊಬೈಲಿನವನಿಗೆ ಒಂದು ವಾರ ತಡೆಯಲು ಹೇಳಿದ. ಮಗ ಕೆಟ್ಟವನಲ್ಲ, ಗಿರಾಕಿಯ ಮುಂದೆ ಇನ್ನೊಮ್ಮೆ ಕೈ ಮುಗಿಯಲು ಹೆದರುತ್ತಿದ್ದ, ಅಷ್ಟೆ.

"ಅಪ್ಪಾ, ಶನಿವಾರ ಬನ್ನಿ," ಎಂದ. "ಮಧ್ಯಾಹ್ನದ ಊಟ ಆಗಿ ಎರಡು ಗಂಟೆ ಬಿಟ್ಟು ಒಂದು ವಾಚಿಗೆ ಬ್ಯಾಲೆನ್ಸ್ ಚಕ್ರ ಕೂರಿಸಿ. ಕೂತರೆ ಮೂಲೆ ನಿಮ್ಮದು. ಇಲ್ಲದಿದ್ದರೆ ನೀವೇ 'ಮೂಲೆ ನಂಗೆ ಬೇಡ' ಅನ್ನಿ."

"ಒಪ್ಪಿದೆ," ಎಂದರು ಮುಳ್ಳಪ್ಪ.

ಒಪ್ಪಿದ್ದು ಬಾಯಿ. ಶನಿವಾರ ಸ್ಟೂಲಿನ ಮೇಲೆ ಕೂತಾಗ ಕೈ ಇನ್ನೂ ಒಪ್ಪಿರಲಿಲ್ಲ. ಭೂತಗನ್ನಡಿ ಸಿಕ್ಕಿಸಿದರು. ವಾಚಿಗೆ ಟಿಕ್ ಟಿಕ್ ಕೊಡುವ ಆ ಪುಟ್ಟ ಚಕ್ರವನ್ನು ಚಿಮುಟದಿಂದ ಎತ್ತಿದರು, ಮತ್ತೆ ಇಳಿಸಿದರು. ನಡುಗುತ್ತಿದೆಯೇ? ಇಲ್ಲ. ನಡುಗಲಿದೆಯೇ? ಹಾಗಂತ ಯೋಚಿಸಿದ ತಕ್ಷಣ ಬೆರಳ ತುದಿ ಅಲುಗಿದಂತಾಯಿತು. ಇದು ಸಕ್ಕರೆಯೋ, ಹೆದರಿಕೆಯೋ, ಮಗ ಹೇಳಿದ ತಲೆಯದೋ, ಅವರಿಗೇ ತಿಳಿಯದು. ಮೂರು ಸಲ ಎತ್ತಿ ಮೂರು ಸಲ ಇಳಿಸಿದರು. ಕೌಂಟರಿನಲ್ಲಿ ಮಗ ಒಂದೇ ಗಾಜನ್ನು ಒರೆಸುತ್ತಲೇ ಇದ್ದ.

ಅಂಗಡಿಯ ಫೋನು ಹೊಡೆಯಿತು. ಮಗ ಎತ್ತಿ, "ಅಪ್ಪಾ, ನಿಮಗೇ ಅಂತೆ. ಯಾರೋ ಸಿಟ್ಟಿನ ಮನುಷ್ಯ" ಎಂದು ತಂದುಕೊಟ್ಟ. ಮುಳ್ಳಪ್ಪನವರು ಅದನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡರು.

"ವಾಚು ರಿಪೇರಿಯವರಾ?" ದಪ್ಪ ದನಿ, ಮೂಗಿನಲ್ಲಿ ಹೂಂಕಾರ, ನಿವೃತ್ತ ಹೆಡ್‌ಮಾಸ್ತರರ ಗತ್ತು. "ನೀವು ರಿಪೇರಿ ಮಾಡಿದ ನನ್ನ ವಾಚು ಹಿಂದಕ್ಕೆ ಓಡ್ತಾ ಇದೆ."

"ಹಿಂದೆ ಬೀಳ್ತಿದೆಯಾ ಸ್ವಾಮಿ? ದಿನಕ್ಕೆ ಎಷ್ಟು ನಿಮಿಷ?"

"ಬೀಳ್ತಿಲ್ಲ ರೀ, ಓಡ್ತಿದೆ! ಮುಳ್ಳು ಉಲ್ಟಾ ತಿರುಗ್ತಿದೆ. ನಾನು ಬೆಳಿಗ್ಗೆ ಎದ್ದಾಗ ನಿನ್ನೆ ಸಂಜೆಯಾಗಿತ್ತು."

"ಸಾಧ್ಯವೇ ಇಲ್ಲ."

"ನಾನು ಸುಳ್ಳು ಹೇಳ್ತೀನಾ? ನನ್ನ ಮನೆಯವಳು ಬೇಕಾದರೆ ಸಾಕ್ಷಿ. ನಿನ್ನೆ ಊಟವನ್ನೇ ಇವತ್ತು ಮತ್ತೆ ಬಡಿಸಿದ್ದಾಳೆ."

ಮುಳ್ಳಪ್ಪನವರ ಕಿವಿ ಬಿಸಿಯಾಯಿತು. ಹೊಟ್ಟೆಯ ಬಗ್ಗೆ ಯಾರು ಏನಂದರೂ ಸಹಿಸಿಕೊಂಡಿದ್ದರು. ಕೆಲಸದ ಬಗ್ಗೆ ಯಾವನೂ ಅನ್ನಕೂಡದು. "ಸ್ವಾಮಿ, ಸ್ವಲ್ಪ ನಿಧಾನವಾಗಿ ಕೇಳಿ. ಚಕ್ರ ಆ ಕಡೆ ಈ ಕಡೆ ಆಡುತ್ತೆ, ಮುಳ್ಳು ಮಾತ್ರ ಒಂದೇ ಕಡೆ. ಅದು ಉಲ್ಟಾ ಹೋಗಬೇಕಾದರೆ ಒಳಗೆ ಅಷ್ಟೂ ಚಕ್ರ ಮಗುಚಬೇಕು. ಈಗ ನೀವೆಲ್ಲಿ ನಿಂತಿದ್ದೀರಿ?"

"ಬಚ್ಚಲಲ್ಲಿ. ಗಡ್ಡ ಹೆರೀತಿದ್ದೀನಿ."

"ಕನ್ನಡಿ ಮುಂದೆ?"

"ಮತ್ತೆ ಗೋಡೆ ಮುಂದೆ ಹೆರೀತಾರೇನ್ರೀ?"

"ವಾಚನ್ನ ಕನ್ನಡೀಲಿ ನೋಡ್ತಿದ್ದೀರಾ?"

"ಹೌದು. ಏನೀಗ?"

"ಕೈ ಎತ್ತಿ ನೇರವಾಗಿ ನೋಡಿ ಸ್ವಾಮಿ! ನೇರವಾಗಿ!" ಮುಳ್ಳಪ್ಪನವರ ದನಿ ಬೀದಿಗೆ ಕೇಳುತ್ತಿತ್ತು. "ನಲವತ್ತೆರಡು ವರ್ಷ ನೋಡಿದ್ದೀನಿ ನಾನು, ಇಂಥ ಗಿರಾಕಿ..."

"ಒಂದ್ನಿಮಿಷ. ಅದೇನದು ನಿಮ್ಮ ಕಡೆ ಸದ್ದು?"

"ಯಾವ ಸದ್ದು?"

"ಟಿಕ್ ಟಿಕ್ ಅಂತ."

ಮುಳ್ಳಪ್ಪನವರು ಕೆಳಗೆ ನೋಡಿದರು. ಭೂತಗನ್ನಡಿಯೊಳಗೆ ಚಕ್ರ ತನ್ನ ಜಾಗದಲ್ಲಿ ಕೂತು ಅತ್ತಿತ್ತ ಆಡುತ್ತಿತ್ತು. ಕೂದಲೆಳೆಯ ಸ್ಪ್ರಿಂಗು ಉಸಿರಾಡಿದಂತೆ ಬಿಚ್ಚಿ ಮುಚ್ಚುತ್ತಿತ್ತು. ಚಕ್ರವನ್ನು ಮೇಲಿನಿಂದ ಹಿಡಿದಿಡುವ ಪುಟ್ಟ ಸೇತುವೆಯ ಸ್ಕ್ರೂ ಕೂಡ ಬಿಗಿದಿತ್ತು. ಯಾರು ಬಿಗಿದರು? ಯಾವಾಗ? ಮಗ ಗಾಜು ಒರೆಸುವ ಬಟ್ಟೆ ಬಾಯಿಗೆ ಒತ್ತಿಕೊಂಡು ನಿಂತಿದ್ದ.

"ಹೇಳಿ, ಕೈ ನಡುಗ್ತಿದೆಯಾ?" ಎಂದಿತು ಹೆಡ್‌ಮಾಸ್ತರರ ದನಿ. ಆ ದನಿ ಈಗ ಫೋನಿನಲ್ಲೂ ಕೇಳುತ್ತಿತ್ತು, ಬಾಗಿಲಿನ ಪಕ್ಕದ ಕಂಬದ ಹಿಂದಿನಿಂದಲೂ ಕೇಳುತ್ತಿತ್ತು.

ಮುಳ್ಳಪ್ಪನವರು ಫೋನು ನೋಡಿದರು. ಕಂಬ ನೋಡಿದರು. ಮತ್ತೆ ಫೋನು ನೋಡಿದರು. ಕಂಬದ ಹಿಂದಿನಿಂದ ಗಿಳಿ ಹೊರಬಂದಳು, ಮೊಬೈಲ್ ಇನ್ನೂ ಬಾಯಿಯ ಹತ್ತಿರವೇ. "ಅಜ್ಜ, ಗಡ್ಡ ಹೆರೆದಾಯ್ತು," ಎಂದಳು ಅದೇ ದಪ್ಪ ದನಿಯಲ್ಲಿ.

"ನೀನಾ! ಕನ್ನಡಿ... ಬಚ್ಚಲು... ನಾನು ಚಕ್ರ ಮಗುಚೋದನ್ನೆಲ್ಲಾ ವಿವರಿಸಿ..."

ಮೊದಲು ನಕ್ಕವನು ಮಗ. ಆಮೇಲೆ ಗಿಳಿ. ಸೆಲ್ಲು ಕೊಳ್ಳಲು ಬಂದಿದ್ದ ಹೆಂಗಸೊಬ್ಬರು ಯಾಕೆಂದು ಗೊತ್ತಿಲ್ಲದಿದ್ದರೂ ಜೊತೆಗೆ ನಕ್ಕರು. ಎಲ್ಲರನ್ನೂ ಮೀರಿಸಿ ಮೂಲೆಯಿಂದ ಒಂದು ನಗು ಎದ್ದಿತು. ಕಣ್ಣಿನ ಭೂತಗನ್ನಡಿ ಉದುರಿಸಿ, ಸ್ಟೂಲು ಕಿರುಗುಟ್ಟಿಸಿ, ಪಕ್ಕದ ಅಂಗಡಿಯವರು ಇಣುಕಿ ನೋಡುವಷ್ಟು ಜೋರಾಗಿ ಎದ್ದ ನಗು. ಮುಳ್ಳಪ್ಪನವರ ಹೆಗಲು, ಎದೆ, ಮೊಣಕಾಲು ಎಲ್ಲ ಕುಲುಕುತ್ತಿದ್ದವು. ಮೇಜಿನ ಮೇಲೆ ಚಿಮುಟ ಹಿಡಿದ ಕೈ ಮಾತ್ರ ಅಲುಗಲಿಲ್ಲ.